ಮೇಷ್ಟ್ರ ಹೆಸರು ಹಾಕಿ ಹುಡುಕಿದರೆ

ಹೊಸದುರ್ಗದ ಆ ಖಾಸಗಿ ಶಾಲೆಯ ಕಾರ್ಯದರ್ಶಿ ಪಂಚಾಕ್ಷರಪ್ಪನವರಿಗೆ ಒಂದು ಅಭ್ಯಾಸವಿತ್ತು. ಕೆಟ್ಟ ಸುದ್ದಿ ಹೇಳುವ ಮುಂಚೆ ಎದುರಿನವರಿಗೆ ಟೀ ತರಿಸುತ್ತಿದ್ದರು. ಅದು ಶಾಲೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಹಾಗಾಗಿ 2008ರ ಜೂನ್ ತಿಂಗಳಲ್ಲಿ ಒಂದು ಬೆಳಿಗ್ಗೆ ಅವರ ಕೋಣೆಗೆ ಹೋದ ವಿಜ್ಞಾನದ ಮೇಷ್ಟ್ರು ನಿರಂಜನ್‌ಗೆ ಮೇಜಿನ ಮೇಲಿನ ಲೋಟ ಕಂಡಾಗಲೇ ಅರ್ಧ ಗೊತ್ತಾಗಿಹೋಯಿತು.

"ಕುಂತ್ಕಳ್ರಿ ಮೇಷ್ಟ್ರೆ," ಎಂದ ಪಂಚಾಕ್ಷರಪ್ಪ ಕಂಪ್ಯೂಟರನ್ನು ಅವನ ಕಡೆಗೆ ತಿರುಗಿಸಿದರು. "ಇದು ನೀವೇನಾ?"

ಅವನೇ. ಒಂಬತ್ತು ವರ್ಷದ ಹಿಂದಿನವನು. ಅಂಗಿ ಮೈಗೆ ಅಂಟಿಕೊಂಡಿದೆ, ಕೂದಲಿನಿಂದ ನೀರು ಇಳಿಯುತ್ತಿದೆ, ಕಣ್ಣು ಅರ್ಧ ಮುಚ್ಚಿದೆ, ಇಬ್ಬರು ಪೊಲೀಸರು ಎರಡೂ ಕಡೆಯಿಂದ ತೋಳು ಹಿಡಿದಿದ್ದಾರೆ. ಫೋಟೋದ ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು. ಮಾರಿಕಣಿವೆಯಲ್ಲಿ ಬಾಲಕಿ ನೀರುಪಾಲು, ಕುಡಿದ ಅಮಲಿನಲ್ಲಿದ್ದ ಶಿಕ್ಷಕ ನಿರಂಜನ್ ಸೆರೆ ಎಂದು ಅದರ ಅರ್ಥ.

"ನಾನೇ ಸಾರ್. ಆದ್ರೆ ಕೆಳಗೆ ಬರೆದಿರೋದು ಸುಳ್ಳು. ಪೇಪರ್‌ನೋರೇ ಆಮೇಲೆ ತಪ್ಪಾಯ್ತು ಅಂತ ಹಾಕಿದ್ರು."

"ಹಾಕಿರಬೋದು. ಅದು ಎಲ್ಲೈತೆ? ನಾನೂ ಹುಡುಕಿದೆ, ಸಿಗಲಿಲ್ಲ. ಇದು ಮಾತ್ರ ಮೊದಲನೇದಾಗಿ ಬರ್ತೈತೆ." ಪಂಚಾಕ್ಷರಪ್ಪ ಲೋಟವನ್ನು ಅವನ ಕಡೆಗೆ ಸರಿಸಿದರು. "ಹೊಸ ಹೆಡ್‌ಮಾಸ್ಟ್ರು ಯಾರಪ್ಪ ಅಂತ ಒಬ್ಬ ಪೋಷಕ ನಿಮ್ಮ ಹೆಸರು ಹಾಕಿ ನೋಡ್ಯಾನೆ. ಪ್ರಿಂಟ್ ತೆಗೆಸಿ ಊರಾಗೆಲ್ಲ ಹಂಚ್ಯಾನೆ. ನನಗೆ ನಿಮ್ಮ ಮೇಲೆ ಅನುಮಾನ ಇಲ್ಲ. ಆದ್ರೆ ಇದನ್ನ ತೆಗೆಸ್ರಿ. ತೆಗೆಸಿದ ದಿನ ಹೆಡ್‌ಮಾಸ್ಟ್ರ ಆರ್ಡರ್ ಕೈಗೆ ಕೊಡ್ತೀನಿ."

ಹಿಂದಿನ ಮುಖ್ಯೋಪಾಧ್ಯಾಯರು ಬೇಸಿಗೆಯಲ್ಲಿ ನಿವೃತ್ತರಾಗಿದ್ದರು. ಪ್ರಭಾರ ನಿರಂಜನ್ ಕೈಯಲ್ಲಿತ್ತು. ಅವನು ಟೀ ಮುಟ್ಟದೆ ಎದ್ದುಬಂದ.

1999ರಲ್ಲಿ ಅವನು ಹಿರಿಯೂರಿನ ಒಂದು ಶಾಲೆಯಲ್ಲಿದ್ದ. ಆ ವರ್ಷದ ಚಳಿಗಾಲದಲ್ಲಿ ಮಕ್ಕಳನ್ನು ಮಾರಿಕಣಿವೆ ಡ್ಯಾಮಿಗೆ ಪ್ರವಾಸ ಕರೆದೊಯ್ದಿದ್ದರು. ನೀರಿನ ಬಳಿ ಮಕ್ಕಳನ್ನು ಕಾಯಬೇಕಾದವನು ಡ್ರಿಲ್ ಮೇಷ್ಟ್ರು ಮೋಹನ್‌ಕುಮಾರ್. ಅವನು ಒಂದು ಬೇವಿನ ಮರದ ಹಿಂದೆ ಬಾಟಲಿ ಬಿಚ್ಚಿಕೊಂಡು ಕುಳಿತಿದ್ದ. ಇತ್ತ ನಿರಂಜನ್ ಮಕ್ಕಳಿಗೆ ಚಿತ್ರಾನ್ನ ಬಡಿಸುತ್ತಿದ್ದಾಗ ಕೂಗು ಕೇಳಿಸಿತು. ಓಡಿಹೋಗಿ ಹಾಕಿದ್ದ ಬಟ್ಟೆಯಲ್ಲೇ ಹಾರಿದ. ಮುಳುಗುತ್ತಿದ್ದ ಇಬ್ಬರು ಹುಡುಗಿಯರು ಕಾಲಾಡಿಸಿ ನೀರೆಲ್ಲ ಕೆಸರಾಗಿತ್ತು. ಕೈಗೆ ಒಂದು ಕೈ ಸಿಕ್ಕಿತು, ಎಳೆದುಕೊಂಡು ದಡಕ್ಕೆ ತಂದ. ಅವಳು ಸುಷ್ಮಿತಾ, ಹಿರಿಯೂರಿನ ಎಣ್ಣೆ ಮಿಲ್ಲಿನ ಸಾಹುಕಾರರ ಮಗಳು. ಬದುಕಿದಳು. ಇನ್ನೊಬ್ಬಳಿಗಾಗಿ ಅವನು ಮತ್ತೆ ಮತ್ತೆ ಮುಳುಗಿದ. ಸಂಜೆ ಮೀನುಗಾರರು ಹರಿಗೋಲಿನಲ್ಲಿ ಹುಡುಕಿ ತಂದಾಗ ಜವನಗೊಂಡನಹಳ್ಳಿಯ ಜುಂಜಮ್ಮನ ಮೈ ತಣ್ಣಗಾಗಿತ್ತು.

ಕೊನೆಯ ಸಲ ನೀರಿನಿಂದ ಎದ್ದಾಗ ನಿರಂಜನ್‌ಗೆ ನಿಲ್ಲುವ ಶಕ್ತಿಯೂ ಇರಲಿಲ್ಲ. ಬೀಳದಿರಲಿ ಎಂದು ಪೊಲೀಸರು ಹಿಡಿದುಕೊಂಡರು. ಪತ್ರಿಕೆಯ ಹುಡುಗ ಫೋಟೋ ತೆಗೆದದ್ದು ಆಗ. ಮೋಹನ್‌ಕುಮಾರ್ ಅಷ್ಟರಲ್ಲಿ ಯಾರದೋ ಸ್ಕೂಟರ್ ಹತ್ತಿ ಹೋಗಿಬಿಟ್ಟಿದ್ದ. ಮೇಷ್ಟ್ರು ಕುಡಿದಿದ್ದ ಎಂಬ ಸುದ್ದಿ ಒಂದು ಕಡೆಯಿಂದ ಬಂತು, ಪೊಲೀಸರ ನಡುವೆ ನಿಂತ ಮೇಷ್ಟ್ರ ಫೋಟೋ ಇನ್ನೊಂದು ಕಡೆಯಿಂದ ಬಂತು. ಚಿತ್ರದುರ್ಗದ ಪತ್ರಿಕಾ ಕಚೇರಿಯಲ್ಲಿ ಎರಡನ್ನೂ ಸೇರಿಸಿ ಅಚ್ಚು ಹಾಕಿದರು. ಆಮೇಲೆ ಒಳಪುಟದಲ್ಲಿ, ಮೂಲವ್ಯಾಧಿ ಔಷಧಿಯ ಜಾಹೀರಾತಿನ ಕೆಳಗೆ, ವಿಷಾದಿಸುತ್ತೇವೆ ಎಂದು ಎರಡು ಸಾಲು ಬಂತು. ಹಿರಿಯೂರಿನಲ್ಲಿ ನಿಜ ಎಲ್ಲರಿಗೂ ಗೊತ್ತಿತ್ತು, ಆದ್ದರಿಂದ ಯಾರೂ ಅದನ್ನು ದೊಡ್ಡದು ಮಾಡಲಿಲ್ಲ. ಮೋಹನ್‌ಕುಮಾರ್ ಮೇಲಿನ ಕೇಸು ಸಾಕ್ಷಿಗಳಿಲ್ಲದೆ ಬಿದ್ದುಹೋಯಿತು. ಅವನ ಹೆಸರು ಹಾಕಿ ಹುಡುಕಿದರೆ ಏನೂ ಸಿಗುತ್ತಿರಲಿಲ್ಲ.

ನಿರಂಜನ್ ಮೊದಲು ಹೋದದ್ದು ಚಿತ್ರದುರ್ಗದ ಆ ಪತ್ರಿಕೆಯ ಸಂಪಾದಕ ಕಾಟಲಿಂಗಪ್ಪನ ಬಳಿಗೆ. ಕಾಟಲಿಂಗಪ್ಪ ನೋಡಿದ ಕೂಡಲೇ ಗುರುತು ಹಿಡಿದ.

"ಓಹೋ, ಬರ್ರಿ ಬರ್ರಿ. ಮಾರಿಕಣಿವೆ ಮೇಷ್ಟ್ರು! ಆ ಫೋಟೋ ಬಾಳ ಚೆನ್ನಾಗಿ ಬಂದಿತ್ತು ನೋಡ್ರಿ. ನಮ್ಮ ಹುಡುಗನಿಗೆ ಬಹುಮಾನ ಬಂತು ಅದಕ್ಕೆ."

ಅವನ ಅಳಿಯ ಪತ್ರಿಕೆಗೆ ವೆಬ್‌ಸೈಟ್ ಮಾಡಿದ್ದನಂತೆ. ಹಳೆಯ ಒಳ್ಳೊಳ್ಳೆ ಫೋಟೋಗಳನ್ನೆಲ್ಲ ಇಂಗ್ಲಿಷ್ ಸಾಲು ಬರೆದು ಹಾಕಿದ್ದನಂತೆ. ತಿದ್ದುಪಡಿಗೆ ಫೋಟೋ ಇರಲಿಲ್ಲವಲ್ಲ, ಹಾಗಾಗಿ ಅದನ್ನು ಹಾಕಿರಲಿಲ್ಲ.

"ತಪ್ಪು ಅಂತ ಅವತ್ತೇ ಒಪ್ಪಿದ್ದೀರಿ. ಫೋಟೋ ಬೇಕಾದ್ರೆ ಇರ್ಲಿ, ಕೆಳಗಿನ ಸಾಲಾದ್ರೂ ತೆಗೀರಿ," ಎಂದ ನಿರಂಜನ್.

"ನಿಮ್ಮದು ತೆಗೆದ್ರೆ ನಾಳೆ ಬೀದಿ ತುಂಬ ಜನ ಬಂದು ನಿಂದ್ರುತಾರೆ. ಹಳೇ ಪೇಪರ್ ಅಂದ್ರೆ ಚರಿತ್ರೆ ಸಾರ್, ಅದನ್ನ ತಿದ್ದಾಕೆ ನಾನ್ಯಾರು? ಕೋರ್ಟ್ ಆರ್ಡರ್ ತರ್ರಿ, ಅವತ್ತೇ ತೆಗೀತೀನಿ." ಬಾಗಿಲವರೆಗೆ ಬಂದು ಬೀಳ್ಕೊಡುತ್ತಾ ಕಾಟಲಿಂಗಪ್ಪ ಹೇಳಿದ, "ಕೇಸು ಹಾಕಿದ್ರೆ ಒಂದು ಫೋನ್ ಮಾಡ್ರಿ ಮತ್ತೆ. ಅದೂ ಸುದ್ದಿನೇ ಅಲ್ವಾ?"

ಮುರುಗೇಶಪ್ಪ ದುರ್ಗದ ಹಳೆಯ ವಕೀಲರು. ಕಂಪ್ಯೂಟರ್ ಮುಟ್ಟಿದವರಲ್ಲ, ಆದರೆ ಕಾನೂನು ಚೆನ್ನಾಗಿ ಬಲ್ಲವರು, ಸುಳ್ಳು ಆಸೆ ತೋರಿಸುವವರಲ್ಲ. ನಿರಂಜನ್ ಹೇಳಿದ್ದನ್ನೆಲ್ಲ ಕಣ್ಣು ಮುಚ್ಚಿಕೊಂಡು ಕೇಳಿದರು.

"ಪೇಪರಿನಾಗೆ ಬಂದದ್ದಕ್ಕೆ ಮಾನನಷ್ಟ ಅಂತ ಹೋಗಾಕೆ ಈಗ ಆಗಲ್ಲ. ಒಂದು ವರ್ಷದೊಳಗೆ ದಾವೆ ಹಾಕ್ಬೇಕಿತ್ತು. ಆದ್ರೆ ಕಂಪ್ಯೂಟರಿನಾಗೆ ಹಾಕಿದ್ದು ಹೋದ ವರ್ಷದ ಕಡೇಗೆ. ಅದು ಹೊಸದಾಗಿ ಪ್ರಕಟ ಮಾಡಿದಂಗೆ ಅಂತ ವಾದ ಮಾಡಬೋದು. ಪ್ರೆಸ್ ಕೌನ್ಸಿಲ್‌ಗೆ ದೂರು ಕೊಡಬೋದು, ಅವರು ಬೈದು ಬಿಡ್ತಾರೆ ಅಷ್ಟೆ. ಕ್ರಿಮಿನಲ್ ಕೇಸು ಹಾಕಿದ್ರೆ ಅವನಿಗೆ ಶಿಕ್ಷೆ ಆದ್ರೂ ಆಗಬೋದು, ಫೋಟೋ ಹೋಗಲ್ಲ. ನಿಮಗೆ ಬೇಕಾದ್ದು ಅದು ಹೋಗೋದು. ಅಂದ್ರೆ ಸಿವಿಲ್ ಕೋರ್ಟಿನಾಗೆ ಕುಂತು, ಇದು ಸುಳ್ಳು, ತೆಗೆಸಿ ಅಂತ ಕೇಳ್ಬೇಕು."

"ಹುಡುಕಿ ಕೊಡೋ ಕಂಪನಿ ಮೇಲೆ?"

"ಅವರು ತೋರಿಸೋರು, ಬರೆದೋರಲ್ಲ. ಗೊತ್ತಿರ್ಲಿಲ್ಲ ಅಂದ್ರೆ ಐಟಿ ಕಾಯ್ದೆಯಾಗೆ ಅವರಿಗೆ ರಕ್ಷಣೆ ಐತೆ. ಅದಕ್ಕೆ ಮೊದಲು ಗೊತ್ತು ಮಾಡಿಸಾಣ, ಒಂದು ನೋಟಿಸ್ ಕಳಿಸ್ತೀನಿ."

ನೋಟಿಸಿಗೆ ಉತ್ತರ ಬಂತು. ನಾವು ಬೇರೆಯವರ ಪುಟಗಳನ್ನು ತೋರಿಸುತ್ತೇವೆ ಅಷ್ಟೆ, ದಯವಿಟ್ಟು ಆ ಪುಟದ ಮಾಲೀಕರನ್ನು ಸಂಪರ್ಕಿಸಿ ಎಂದು ಅತ್ಯಂತ ಮರ್ಯಾದೆಯಿಂದ ಬರೆದಿದ್ದರು.

ಉಳಿದದ್ದು ದಾವೆ. ಆ ಎರಡು ಸಾಲಿನ ವಿಷಾದದಲ್ಲಿ ತಪ್ಪೇನೆಂದು ಬರೆದಿರಲಿಲ್ಲ, ಹಾಗಾಗಿ ಸಾಕ್ಷಿ ಬೇಕು. ಸುಷ್ಮಿತಾಳ ಮನೆಗೆ ಹೋದರೆ ಸಾಹುಕಾರರು ಒಳಗೆ ಕೂರಿಸಿ ಉಪಚಾರ ಮಾಡಿದರು. ಮಗಳನ್ನು ಮಾತ್ರ ಕರೆಯಲಿಲ್ಲ. "ಸಂಬಂಧ ನೋಡ್ತಾ ಇದೀವಿ ಮೇಷ್ಟ್ರೆ. ನೀರಿಗೆ ಬಿದ್ದಿದ್ಲು, ಕೋರ್ಟು, ಪೊಲೀಸು ಅಂತ ಹುಡುಗನ ಕಡೆಯೋರ ಕಿವಿಗೆ ಬಿದ್ರೆ ಚೆನ್ನಾಗಿರಲ್ಲ. ನೀವು ನಮಗೆ ದೇವರಿದ್ದಂಗೆ, ತಪ್ಪು ತಿಳೀಬ್ಯಾಡ್ರಿ." ಪ್ರವಾಸಕ್ಕೆ ಬಂದಿದ್ದ ಹಳೆಯ ಸಹೋದ್ಯೋಗಿಗಳು, ಮೋಹನ್‌ಕುಮಾರ್ ಕೇಸಿನಲ್ಲೇ ಬಾಯಿ ಬಿಡದವರು, ಈಗಲೂ ಬಿಡಲಿಲ್ಲ.

"ಸತ್ತ ಹುಡುಗಿ ತಾಯಿ ಒಬ್ಬಳು ಹೇಳಿದ್ರೆ ಸಾಕು," ಎಂದರು ಮುರುಗೇಶಪ್ಪ. "ಈ ಮೇಷ್ಟ್ರು ಕುಡಿದಿರ್ಲಿಲ್ಲ ಅಂತ ಆಕೆ ಬಾಯಿಂದ ಬಂದ್ರೆ ಎದುರಿನೋರು ಏನೂ ಮಾಡಾಕಾಗಲ್ಲ."

ನಿರಂಜನ್ ಹೆಂಡತಿ ಹೇಮಾವತಿಯನ್ನು ಕರೆದುಕೊಂಡು ಜವನಗೊಂಡನಹಳ್ಳಿಗೆ ಹೋದ. ಜುಂಜಮ್ಮನ ತಾಯಿ ಕೆಂಚಕ್ಕ ಮನೆಯ ಮುಂದೆ ಕುಳಿತು ಬಿತ್ತನೆಗೆ ಶೇಂಗಾ ಸುಲಿಯುತ್ತಿದ್ದಳು. ಕೂಲಿ ಮಾಡಿ ಸವೆದ ಹೆಂಗಸು. ಅವನನ್ನು ಕಂಡು ಆಶ್ಚರ್ಯಪಡಲಿಲ್ಲ, ಕೂರು ಎಂದೂ ಹೇಳಲಿಲ್ಲ. ಹೇಮಾವತಿ ತಂದಿದ್ದ ಬಾಳೆಹಣ್ಣು ಜಗಲಿಯ ಮೇಲೆ ಇಟ್ಟಲ್ಲೇ ಇತ್ತು. ಅವನು ಬಂದ ಕಾರಣ ಹೇಳಿದ.

"ನೀನು ಕುಡಿದಿರ್ಲಿಲ್ಲ ಅಂತ ನಂಗೊತ್ತೈತೆ," ಎಂದಳು ಕೆಂಚಕ್ಕ, ಕೈ ನಿಲ್ಲಿಸದೆ. "ಅವತ್ತು ಹೆಣದ ಪಕ್ಕ ನನ್ನ ಕಾಲು ಹಿಡ್ಕಂಡು ಅಳ್ತಿದ್ಯಲ್ಲ, ನಿನ್ನ ಬಾಯಾಗೆ ವಾಸನೆ ಇರ್ಲಿಲ್ಲ. ಕುಡಿದಿದ್ರೆ ಒಳ್ಳೇದಿತ್ತು. ಅಮಲಿನಾಗೆ ಕಾಣ್ಲಿಲ್ಲ ಪಾಪ ಅಂದ್ಕಂಡು ನಾನೂ ಸುಮ್ನಾಗ್ತಿದ್ದೆ."

"ನನಗೆ ಯಾರೂ ಕಾಣಲಿಲ್ಲ ಕೆಂಚಕ್ಕ. ನೀರು ಕೆಸರಾಗಿತ್ತು. ಕೈಗೆ ಸಿಕ್ಕೋರನ್ನ ಎಳೆದೆ."

"ಹೂಂ. ಕೈಗೆ ಸಿಕ್ಕಿದ್ದು ಸಾವ್ಕಾರನ ಮಗಳು. ನನ್ನ ಮಗಳು ಸಿಗ್ಲಿಲ್ಲ."

"ಆಮೇಲೂ ಎಷ್ಟೋ ಸಲ ಮುಳುಗಿದೆ..."

"ಆಮೇಲೆ." ಅವಳು ಸಿಪ್ಪೆಯನ್ನು ಪಕ್ಕಕ್ಕೆ ತಳ್ಳಿದಳು. "ಸಾವ್ಕಾರ ನಿಂಗೆ ಮಿಲ್ಲಿನಾಗೆ ಶಾಲು ಹೊದಿಸ್ದ. ಅವತ್ತು ನಾನೂ ಬಾಗಿಲಾಗೆ ನಿಂತಿದ್ದೆ. ಒಳಾಕೆ ಬಾ ಅಂತ ಒಬ್ರೂ ಅನ್ಲಿಲ್ಲ. ನೀನೂ ನೋಡ್ದೆ, ನೋಡಿ ಆ ಕಡೆ ತಿರುಕ್ಕಂಡೆ."

ಅವನಿಗೆ ಅದು ನೆನಪಿರಲಿಲ್ಲ. ನೆನಪಿಲ್ಲ ಎಂದರೆ ಅದೂ ತಪ್ಪಾಗುತ್ತದೆ ಎನಿಸಿತು.

"ನಾನು ಏನೂ ಬರೆದುಕೊಡಲ್ಲ," ಎಂದಳು ಕೆಂಚಕ್ಕ. "ಕೋರ್ಟಿಗೆ ಕರೀರಿ, ಬರ್ತೀನಿ. ಇದ್ದದ್ದು ಹೇಳ್ತೀನಿ."

ವಾಪಸು ಬರುವ ಬಸ್ಸಿನಲ್ಲಿ ಹೇಮಾವತಿ, ಮಗಳನ್ನು ಕಳಕೊಂಡ ಸಂಕಟ ಮಾತಾಡಿಸ್ತೈತೆ, ಮನಸಿಗೆ ಹಚ್ಕೋಬ್ಯಾಡ್ರಿ ಎಂದು ಗಂಡನ ಕೈ ಹಿಡಿದುಕೊಂಡಳು. ಹಿರಿಯೂರು ದಾಟಿದ ಮೇಲೆ ಕೈ ಬಿಟ್ಟಳು. "ಆ ಶಾಲು ಯಾಕೆ ತಗಂಡ್ರಿ?" ಎಂದು ಕೇಳಿದಳು.

ಮಳೆಗಾಲ ಮುಗಿಯುವ ಮುಂಚೆ ದಾವೆ ಹೂಡಿದರು. ಅದೇ ವಾರ ಪತ್ರಿಕೆಯಲ್ಲಿ ಸುದ್ದಿ ಬಂತು, ವೆಬ್‌ಸೈಟಿಗೂ ಏರಿತು: ಬಾಲಕಿ ಸಾವಿನ ಫೋಟೋ ಅಳಿಸಲು ಮೇಷ್ಟ್ರು ಕೋರ್ಟಿಗೆ. ಈಗ ಅವನ ಹೆಸರು ಹಾಕಿದರೆ ಮೊದಲು ಇದು, ಎರಡನೆಯದು ಹಳೆಯ ಫೋಟೋ. ಮುರುಗೇಶಪ್ಪ ಎರಡೆರಡು ಸಲ ಓದಿ ನೋಡಿದರು. "ಕೋರ್ಟಿಗೆ ಹೋಗಿರೋದು ನಿಜ, ಬಾಲಕಿ ಸತ್ತದ್ದು ನಿಜ, ಫೋಟೋ ತೆಗೆಸಾಕೆ ಅನ್ನೋದೂ ನಿಜ. ಇದರಾಗೆ ಹಿಡಿಯಾಕೆ ಏನೂ ಇಲ್ಲ," ಎಂದು ಮಡಚಿಟ್ಟರು.

ನಿರಂಜನ್‌ನ ಮಗಳು ಬಿಂದು ಅದೇ ಶಾಲೆಯಲ್ಲಿ ಏಳನೆಯ ಕ್ಲಾಸು ಓದುತ್ತಿದ್ದಳು. ನೀರು ಕುಡಿಯಲು ನಲ್ಲಿಯ ಬಳಿ ಸಾಲು ನಿಂತರೆ ಹಿಂದಿನ ಹುಡುಗರು, "ಲೇ, ಹುಷಾರು ಕಣ್ರೋ, ಇವರಪ್ಪ ಬಂದು ಮುಳುಗಿಸೋದ್ರೊಳಗೆ ಕುಡೀರಿ" ಎಂದು ನಗುತ್ತಿದ್ದರು. ಅವಳು ಮನೆಯಲ್ಲಿ ಹೇಳಲಿಲ್ಲ. ಮನೆಯಿಂದ ಬಾಟಲಿಯಲ್ಲಿ ನೀರು ಒಯ್ಯತೊಡಗಿದಳು. ಕಾರಣವನ್ನು ಹೇಮಾವತಿ ಬೇರೆ ತಾಯಂದಿರಿಂದ ಕೇಳಿ ತಿಳಿದಳು.

ಸಾಕ್ಷಿಯ ದಿನ ಹತ್ತಿರವಾದಂತೆ ನಿರಂಜನ್ ವಕೀಲರ ಮುಂದೆ ಗೋಗರೆದ. "ಕೆಂಚಕ್ಕನ್ನ ಕರೆಸೋದು ಬ್ಯಾಡ ಸಾರ್. ಆಕೆ ಬೇರೆ ಏನೋ ಹೇಳ್ತಾಳೆ."

"ಆಕೆ ಬಿಟ್ರೆ ನಮ್ಮ ಕಡೆ ಯಾರಿದಾರೆ ಹೇಳ್ರಿ? ನಾನು ಒಂದೇ ಪ್ರಶ್ನೆ ಕೇಳ್ತೀನಿ. ಕುಡಿದಿದ್ರಾ, ಇಲ್ವಾ. ಅಷ್ಟೆ."

ಫೆಬ್ರವರಿಯಲ್ಲಿ ಕೆಂಚಕ್ಕ ದುರ್ಗದ ಕೋರ್ಟಿಗೆ ಬಂದಳು. ಒಗೆದ ಸೀರೆ ಉಟ್ಟು, ತಲೆ ಬಾಚಿಕೊಂಡು ಬಂದಿದ್ದಳು. ಮುರುಗೇಶಪ್ಪ ಹೇಳಿದಂತೆಯೇ ಒಂದೇ ಪ್ರಶ್ನೆ ಕೇಳಿದರು.

"ಇಲ್ಲ ಸಾಮಿ. ಈ ಮೇಷ್ಟ್ರು ಕುಡಿದಿರ್ಲಿಲ್ಲ. ಕುಡಿದಿದ್ದೋನು ಡ್ರಿಲ್ ಮೇಷ್ಟ್ರು."

ಆಗ ಪತ್ರಿಕೆಯ ಪರ ವಕೀಲ ಎದ್ದ. ಅವನದು ಎಳೆಯ ವಯಸ್ಸು, ಮೃದುವಾದ ದನಿ.

"ಹಂಗಾದ್ರೆ ಈ ಮೇಷ್ಟ್ರ ಮೇಲೆ ನಿಮಗೆ ಯಾವ ದೂರೂ ಇಲ್ಲ ಅಲ್ವೇನಮ್ಮ?"

ಮುರುಗೇಶಪ್ಪ ಆಕ್ಷೇಪಿಸಿದರು. ನ್ಯಾಯಾಧೀಶರು, ಆಕೆ ಹೇಳಲಿ ಎಂದರು.

"ದೂರಿಲ್ದೆ ಏನು ಸಾಮಿ? ಎರಡು ಮಕ್ಕಳು ಮುಳುಗ್ತಿದ್ವು. ಇವನು ಇಬ್ರನ್ನೂ ನೋಡ್ದ. ಬಡವರ ಮಗಳನ್ನ ಬಿಟ್ಟು ಸಾವ್ಕಾರನ ಮಗಳನ್ನ ಎತ್ಕಂಡು ಬಂದ. ಶಾಲು ಹೊದಿಸ್ಕಂಡ."

"ನೀವು ಕಣ್ಣಾರೆ ನೋಡಿದ್ರಾ?" ಎಂದು ನ್ಯಾಯಾಧೀಶರೇ ಕೇಳಿದರು.

"ಇಲ್ಲ ಸಾಮಿ. ನೋಡಿದೋಳು ಸತ್ತೋದ್ಲು."

ಹಿಂದಿನ ಬೆಂಚಿನಲ್ಲಿ ಪತ್ರಿಕೆಯ ವರದಿಗಾರ ಬರೆದುಕೊಳ್ಳುತ್ತಿದ್ದ. ಕಟಕಟೆಯಿಂದ ಇಳಿದ ಕೆಂಚಕ್ಕ ನಿರಂಜನ್ ಪಕ್ಕದಲ್ಲೇ ಹಾದುಹೋದಳು. "ನಿನ್ನ ಕೆಲಸ ಆತಲ್ಲ?" ಎಂದಳು. ಅದರಲ್ಲಿ ವ್ಯಂಗ್ಯವಿರಲಿಲ್ಲ. ಅವಳು ಕೊಟ್ಟ ಮಾತು ನಡೆಸಿದ್ದಳು.

ಏಪ್ರಿಲ್‌ನಲ್ಲಿ ತೀರ್ಪು ಬಂತು. ನಿರಂಜನ್ ಗೆದ್ದಿದ್ದ. ಅವನು ಕುಡಿದಿದ್ದ ಎಂಬುದಕ್ಕೆ ಯಾವ ಆಧಾರವೂ ಇಲ್ಲ, ಸತ್ತವಳ ತಾಯಿಯೇ ಅದನ್ನು ಅಲ್ಲಗಳೆದಿದ್ದಾಳೆ, ಫೋಟೋವನ್ನೂ ಕೆಳಗಿನ ಸಾಲನ್ನೂ ತೆಗೆಯತಕ್ಕದ್ದು ಎಂದು ಆದೇಶವಾಯಿತು. ಕಾಟಲಿಂಗಪ್ಪ ಮಾತಿಗೆ ತಪ್ಪಲಿಲ್ಲ, ಅಂದೇ ತೆಗೆಸಿದ. ತೆಗೆಸಿ ತಾನೇ ಫೋನ್ ಮಾಡಿ ಅಭಿನಂದಿಸಿದ.

ಒಂದು ವಾರ ಬಿಟ್ಟು ನಿರಂಜನ್ ಹೊಸದುರ್ಗದ ಸೈಬರ್ ಸೆಂಟರಿಗೆ ಹೋಗಿ ತನ್ನ ಹೆಸರು ಹಾಕಿದ. ಫೋಟೋ ಹೋಗಿತ್ತು. ಅದಿದ್ದ ಜಾಗದಲ್ಲಿ ಕೆಂಚಕ್ಕ ಇದ್ದಳು. ಸಾಕ್ಷಿಯ ದಿನ ತೆಗೆದಿಟ್ಟು ತೀರ್ಪಿನ ಸುದ್ದಿಗೆ ಹಾಕಿದ ಫೋಟೋ: ಕೋರ್ಟಿನ ಮೆಟ್ಟಿಲ ಮೇಲೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿರುವ ಕೆಂಚಕ್ಕ, ಮೇಲೆ ದಪ್ಪ ಅಕ್ಷರದಲ್ಲಿ: ಬಡವರ ಮಗಳನ್ನು ಬಿಟ್ಟು ಸಾಹುಕಾರನ ಮಗಳನ್ನು ಎತ್ತಿದ ಮೇಷ್ಟ್ರು, ಕೋರ್ಟಿನಲ್ಲಿ ತಾಯಿಯ ಅಳಲು. ಅದನ್ನು ಬೆಂಗಳೂರಿನ ಪತ್ರಿಕೆಗಳೂ ಎತ್ತಿಕೊಂಡಿದ್ದವು. ಯಾರ್ಯಾರೋ ತಮ್ಮ ತಮ್ಮ ಬ್ಲಾಗಿನಲ್ಲಿ ಜಾತಿ, ವರ್ಗ, ಶಿಕ್ಷಣ ಎಂದು ಉದ್ದುದ್ದ ಬರೆದಿದ್ದರು. ಒಬ್ಬರೂ ಮಾರಿಕಣಿವೆ ನೋಡಿದವರಲ್ಲ. ಅವನು ಪುಟದಿಂದ ಪುಟಕ್ಕೆ ಹೋದ. ಎಲ್ಲ ಕಡೆಯೂ ಅವನ ಹೆಸರಿತ್ತು.

"ಇದನ್ನ ತೆಗೆಸಾಕೆ ಏನು ಮಾಡ್ಬೇಕು?" ಎಂದು ಅವನು ಮುರುಗೇಶಪ್ಪನವರನ್ನು ಕೇಳಿದ.

ವಕೀಲರು ಪೆನ್ನಿಗೆ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟರು. "ಏನೂ ಮಾಡಾಕಾಗಲ್ಲ. ತೆರೆದ ಕೋರ್ಟಿನಾಗೆ ಸಾಕ್ಷಿ ಏನು ಹೇಳಿದ್ರೋ ಅದನ್ನ ಇದ್ದಂಗೆ ಬರೆಯಾಕೆ ಕಾನೂನೇ ಬಿಟ್ಟೈತೆ. ಸುಳ್ಳು ಬರೆದಿದ್ರೆ ಹಿಡೀಬೋದಿತ್ತು. ಅವರು ಒಂದಕ್ಷರ ಹೆಚ್ಚುಕಮ್ಮಿ ಬರೆದಿಲ್ಲ."

"ಆಕೆ ಹೇಳಿದ್ದು ಸುಳ್ಳಲ್ವಾ ಸಾರ್?"

"ಸುಳ್ಳು ಅಂತ ಹೆಂಗೆ ತೋರಿಸ್ತೀರಿ?" ಮುರುಗೇಶಪ್ಪ ಕೇಳಿದರು. ಆಮೇಲೆ ಆ ಪ್ರಶ್ನೆ ತಮಗೇ ಕೆಟ್ಟದೆನಿಸಿತೋ ಏನೋ, ಕನ್ನಡಕ ತೆಗೆದು ಒರೆಸಿಕೊಳ್ಳತೊಡಗಿದರು.

ಪಂಚಾಕ್ಷರಪ್ಪನವರ ಕೋಣೆಯಲ್ಲಿ ಮತ್ತೆ ಟೀ ಬಂತು. ಈ ಸಲ ಜೊತೆಗೆ ಬಿಸ್ಕತ್ತೂ ಇತ್ತು. ನಿರಂಜನ್ ತೀರ್ಪಿನ ಪ್ರತಿಯನ್ನು ಮೇಜಿನ ಮೇಲಿಟ್ಟ. ಅವರು ಅದನ್ನು ಗೌರವದಿಂದ ಓದಿದರು.

"ನೀವು ನಿರಪರಾಧಿ ಅಂತ ನನಗೆ ಮೊದಲಿಂದಲೂ ಗೊತ್ತು ಮೇಷ್ಟ್ರೆ. ಕುಡುಕ ಅಂದಿದ್ದನ್ನ ಹೆಂಗೋ ನಿಭಾಯಿಸಬೋದಿತ್ತು. ಇದು ಬೇರೆ. ನಮ್ಮ ಶಾಲೆಗೆ ಬರೋರಾಗೆ ಅರ್ಧಕ್ಕರ್ಧ ಕೂಲಿ ಮಾಡೋರ ಮಕ್ಕಳು. ಅವರ ಅಪ್ಪ ಅಮ್ಮಂದಿರು ನಿನ್ನೆ ಬಂದಿದ್ರು. ಏನು ಕೇಳಿದ್ರು ಗೊತ್ತಾ? ಈ ಮೇಷ್ಟ್ರ ಕೈಗೆ ನಮ್ಮ ಮಕ್ಕಳು ಸಿಗ್ತಾರಾ ಅಂತ." ಪಂಚಾಕ್ಷರಪ್ಪ ಬಿಸ್ಕತ್ತಿನ ತಟ್ಟೆಯನ್ನು ಅವನ ಕಡೆಗೆ ಸರಿಸಿದರು. "ನೀವಾಗೇ ಬಿಟ್ಟು ಹೋದ್ರೆ ಮರ್ಯಾದೆ ಉಳೀತೈತೆ. ಸರ್ವಿಸ್ ಸರ್ಟಿಫಿಕೇಟ್ ಚೆನ್ನಾಗಿ ಬರೆಸಿಕೊಡ್ತೀನಿ."

ಅವನು ಬಿಟ್ಟ. ಬೇರೆ ಎರಡು ಊರಿನ ಶಾಲೆಗಳು ಸಂದರ್ಶನಕ್ಕೆ ಕರೆದು, ಆಮೇಲೆ ತಿಳಿಸುತ್ತೇವೆ ಎಂದವು, ತಿಳಿಸಲಿಲ್ಲ. ಕಡೆಗೆ ಹೊಳಲ್ಕೆರೆಯಲ್ಲಿ ಒಂದು ಮನೆ ಹಿಡಿದು ಮನೆಪಾಠ ಶುರು ಮಾಡಿದ. ಬೋರ್ಡಿನ ಮೇಲೆ ಹೇಮಾವತಿಯ ಹೆಸರು ಬರೆಸಿದರು. ಮಕ್ಕಳು ಅವನನ್ನು ಸಾರ್ ಎನ್ನುತ್ತಿದ್ದರು, ಪೋಷಕರು ಹೇಮಾವತಿ ಮೇಡಂ ಯಜಮಾನರು ಎನ್ನುತ್ತಿದ್ದರು. ಹೆಸರು ಕೇಳಿದವರಿಗೆ ಹೇಮಾವತಿ ಬೇರೆ ಮಾತೆತ್ತುತ್ತಿದ್ದಳು.

ಬಿಂದು ಹೊಸ ಶಾಲೆ ಸೇರಿದಳು. ಮೊದಮೊದಲು ಅಪ್ಪನೊಂದಿಗೆ ಹೆಚ್ಚು ಮಾತಾಡುತ್ತಿರಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅವನು ಪಡಸಾಲೆಯಲ್ಲಿ ಹುಡುಗರ ಉತ್ತರಪತ್ರಿಕೆ ತಿದ್ದುತ್ತಿದ್ದಾಗ ಬಂದು ಎದುರಿಗೆ ಕುಳಿತಳು.

"ಅಪ್ಪಾ, ಒಂದು ಕೇಳ್ಲಾ? ಬೈಬಾರ್ದು."

"ಕೇಳವ್ವ."

"ಅವರಿಬ್ರಲ್ಲಿ ನಿನಗೆ ಹತ್ರ ಯಾರಿದ್ರು?"

ಕಾಣಲಿಲ್ಲ ಎಂದು ಹೇಳಲು ಅವನು ಬಾಯಿ ತೆರೆದ. ಅದೇ ನಿಜವಾಗಿತ್ತು. ಆದರೆ ಆ ಒಂದು ವರ್ಷದಲ್ಲಿ ಅವನು ಮನಸ್ಸಿನೊಳಗೆ ಅದೆಷ್ಟು ಸಲ ಆ ನೀರಿಗೆ ಹಾರಿದ್ದನೆಂದರೆ, ಈಗ ಕೆಸರು ತಿಳಿಯಾಗಿ ಎಲ್ಲ ಕಾಣುತ್ತಿತ್ತು. ಒಂದು ಕೈಯಲ್ಲಿ ಬಂಗಾರದ ಬಳೆ ಕಾಣುತ್ತಿತ್ತು. ಇನ್ನೊಂದರಲ್ಲಿ ಕರಿದಾರ. ಅದು ಅಂದು ಕಂಡದ್ದೋ, ಕೆಂಚಕ್ಕ ಹೇಳಿದ ಮೇಲೆ ಕಂಡದ್ದೋ ಅವನಿಗೆ ತಿಳಿಯಲಿಲ್ಲ.

"ಕಾಣಲಿಲ್ಲ ಮಗಳೇ," ಎಂದ, ತಡವಾಗಿ.

ಬಿಂದು ಅವನ ಮುಖವನ್ನೇ ನೋಡುತ್ತಿದ್ದಳು. "ಹೂಂ," ಎಂದು ಎದ್ದು ಒಳಗೆ ಹೋದಳು. ಅಡುಗೆಮನೆಯಲ್ಲಿ ಹೇಮಾವತಿ ದನಿ ತಗ್ಗಿಸಿ, "ಏನಂದ್ರು?" ಎಂದು ಕೇಳಿದ್ದು ಅವನಿಗೆ ಕೇಳಿಸಿತು.